ಹುಟ್ಟದ ಮಗುವಿನ ಪಾಲು

ಗಂಡ ತೀರಿಕೊಂಡಾಗ ಹೆಂಡತಿ ಗರ್ಭಿಣಿಯಾಗಿದ್ದರೆ, ಶರೀಅತ್ ಗರ್ಭಸ್ಥ ಶಿಶುವಿಗಾಗಿ ಆಸ್ತಿಯಲ್ಲಿ ಪಾಲು ಕಾದಿರಿಸುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅದನ್ನು ವಾರಸುದಾರನೆಂದು ಮನ್ನಿಸುತ್ತದೆ. ಮಗು ಜೀವಂತವಾಗಿ ಹುಟ್ಟಬೇಕೆಂಬುದು ಎರಡರಲ್ಲೂ ಇರುವ ಷರತ್ತು, ನಿಜ. ಆದರೆ ಅಲ್ಲಿಯವರೆಗೆ ಅದರ ಪಾಲನ್ನು ಯಾರೂ ನುಂಗುವಂತಿಲ್ಲ. ‘ಅದಿನ್ನೂ ಮನುಷ್ಯನಲ್ಲ’ ಎಂದು ಗರ್ಭಪಾತವನ್ನು ಸಮರ್ಥಿಸುವವರು ಯೋಚಿಸಲಿ. ಗೇಣುದ್ದ ಜಮೀನಿನಲ್ಲಿ ಪಾಲಿರುವ ಮಗುವಿಗೆ ಬದುಕಿನಲ್ಲಿ ಪಾಲಿಲ್ಲವೇ?

‘ದೇಹ ಹೆಣ್ಣಿನದು, ತೀರ್ಮಾನವೂ ಅವಳದೇ’ ಎಂಬುದು ಇನ್ನೊಂದು ವಾದ. ಅವಳ ನೋವನ್ನು ಬೇರಾರೂ ಹೊರಲಾರರು. ಆದರೆ ಒಳಗೆ ಮಿಡಿಯುವ ಹೃದಯ ಅವಳದಲ್ಲ. ಅದರ ರಕ್ತದ ಗುಂಪು ಕೂಡ ಬೇರೆಯಾಗಿರಬಹುದು. ತಾಯಿಯ ಪ್ರಾಣಕ್ಕೇ ಅಪಾಯ ಬಂದಾಗ ಅವಳ ಜೀವಕ್ಕೆ ಮೊದಲ ಸ್ಥಾನವೆಂದು ಧರ್ಮವಿದ್ವಾಂಸರು ಹೇಳಿದ್ದಾರೆ. 120 ದಿನಗಳಿಗೆ ಮುಂಚಿನ ವಿಚಾರದಲ್ಲಿ ಅವರೊಳಗೆ ಭಿನ್ನಾಭಿಪ್ರಾಯವೂ ಇದೆ. ಆದರೆ ಅನುಕೂಲವನ್ನು ಅನಿವಾರ್ಯವೆಂದು ಕರೆಯಲು ಇದು ನೆಪವಾಗಬಾರದು.

ಆಯ್ಕೆ ನಿಜಕ್ಕೂ ಯಾರದು? 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಸಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬೆಳಕಿಗೆ ಬಂತು. 1994ರಿಂದಲೇ ಇದನ್ನು ನಿಷೇಧಿಸುವ ಕಾಯ್ದೆಯಿದೆ. ಹೆಣ್ಣು ಬೇಡವೆಂಬ ಮನೆಯಲ್ಲಿ ಸೊಸೆಯ ಬಾಯಿಂದ ಹೊರಡುವ ‘ಒಪ್ಪಿಗೆ’ ಎಷ್ಟರಮಟ್ಟಿಗೆ ಅವಳದು?

‘ಸಾಕಲಾಗದಿದ್ದರೆ ಹುಟ್ಟದಿರುವುದೇ ಲೇಸು’ ಎನ್ನುವವರೂ ಇದ್ದಾರೆ. ಅಪ್ಪನ ಕೆಲಸ ಹೋಯಿತೆಂದು ಎರಡು ವರ್ಷದ ಮಗುವನ್ನು ಯಾರಾದರೂ ಕೊಲ್ಲುತ್ತಾರೆಯೇ? ಬಡತನ ಎರಡು ಕಡೆಯೂ ಒಂದೇ. ಒಂದು ಮಗುವಿನ ಮುಖ ಕಾಣುತ್ತದೆ, ಇನ್ನೊಂದರದು ಕಾಣುವುದಿಲ್ಲ, ಅಷ್ಟೇ. ಬಡತನದ ಭಯದಿಂದ ಮಕ್ಕಳನ್ನು ಕೊಲ್ಲುವುದನ್ನು ಪವಿತ್ರ ಕುರ್‌ಆನ್ ಖಂಡಿತವಾಗಿ ನಿಷೇಧಿಸಿದೆ.

ಆದರೆ ನಿಷೇಧ ಹೇಳುವವರ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ, ಇಬ್ಬರು ಮಕ್ಕಳ ತಾಯಿಯೊಬ್ಬರ 26 ವಾರ ದಾಟಿದ ಗರ್ಭವನ್ನು ತೆಗೆಯಲು ಸುಪ್ರೀಂ ಕೋರ್ಟ್ ಅನುಮತಿ ನೀಡಲಿಲ್ಲ. ಆದರೆ ಹೆರಿಗೆಯ ಖರ್ಚನ್ನು ಸರಕಾರವೇ ಭರಿಸಬೇಕೆಂದೂ ಹೇಳಿತು. ನ್ಯಾಯಾಲಯಕ್ಕೆ ತೋಚಿದ ಈ ಮಾತು ನಮಗೂ ತೋಚಬೇಡವೇ? ‘ಹೆರು’ ಎಂದು ಬೋಧಿಸಿ ಬಾಗಿಲು ಹಾಕಿಕೊಳ್ಳುವವನ ಮಾತಿಗೆ ತೂಕವಿಲ್ಲ. ಗಂಡ ಕೆಲಸದಲ್ಲಿ ಹೆಗಲು ಕೊಡಲಿ, ಅತ್ತೆ ಹೆಣ್ಣುಮಗುವನ್ನು ನಗುನಗುತ್ತಾ ಎತ್ತಿಕೊಳ್ಳಲಿ, ಜಮಾಅತ್ ಬಡ ಬಾಣಂತಿಯ ಮನೆಗೆ ಅಕ್ಕಿ ತಲುಪಿಸಲಿ. ಹುಟ್ಟದ ಮಗುವಿಗೆ ನಾವು ಕಾದಿರಿಸಬೇಕಾದ ಪಾಲು ಇದೇ.