ವಿದ್ಯಾರ್ಥಿನಿಲಯದಲ್ಲಿ ನಮ್ಮವರು ಯಾರು?

ಮುಂಗಾರಿನ ದಿನಗಳಲ್ಲಿ ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿರುವ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತವರಿಗೆ ಒಂದು ನೋಟವು ತಪ್ಪದೆ ಕಾಣುವದು. ಹಳ್ಳಿಯ ತಂದೆಯೊಬ್ಬನು ಹಾಸಿಗೆಯ ಸುರುಳಿಯನ್ನೂ ಹೊಸ ಬಕೆಟ್ಟನ್ನೂ ಹಿಡಿದುಕೊಂಡು ಇಳಿಯುತ್ತಾನೆ. ಅವನ ಹಿಂದೆ ಕಾಲೇಜಿಗೆ ಸೇರಿದ ಮಗನೋ ಮಗಳೋ ಬರುವರು. ಫೀಸು ಕಟ್ಟಿಯಾಗಿದೆ, ಇರುವ ಸ್ಥಳವು ಮಾತ್ರ ಇನ್ನೂ ಗೊತ್ತಾಗಿಲ್ಲ. ಆಗ ಆ ತಂದೆಯು ಬಾಡಿಗೆ ಎಷ್ಟೆಂದು ಕೇಳುವದಕ್ಕಿಂತ ಮುಂಚೆ, "ಅಲ್ಲಿ ನಮ್ಮವರು ಇದ್ದಾರೆಯೇ?" ಎಂದು ಕೇಳುವನು. ಪ್ರಿಯ ವಾಚಕರೇ, ಈ ಮಾತು ನ್ಯಾಯವಾದದ್ದೋ ಅಲ್ಲವೋ ಎಂದು ನಾವು ವಿಚಾರಿಸೋಣ.

ಇದನ್ನು ಸುಮ್ಮನೆ ಜರೆಯಕೂಡದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದ ಕಾಲದಲ್ಲಿ, ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿಗೆ ಪಟ್ಟಣದಲ್ಲಿದ್ದ ಆಸರೆಗಳಲ್ಲಿ ವಾರಾನ್ನವೂ ಒಂದು. ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದು ಮನೆಯಲ್ಲಿ. ಏಳನೆಯ ಮನೆ ಸಿಕ್ಕದವನಿಗೆ ವಾರಕ್ಕೊಂದು ಉಪವಾಸ. ಅನ್ನವಿಕ್ಕಿದ ಆ ತಾಯಂದಿರ ಪುಣ್ಯವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಆ ಪಂಕ್ತಿಯು ಜಾತಿಯನ್ನು ನೋಡಿಯೇ ಕೂಡ್ರಿಸುತ್ತಿತ್ತು. ಊರ ಹೊರಗಿನ ಕೇರಿಯ ಹುಡುಗನಿಗೆ ಜಗಲಿಯೂ ದೊರಕಲಿಲ್ಲ. ಆದಕಾರಣ ಒಂದೊಂದು ಸಮಾಜದವರು ತಮ್ಮ ತಮ್ಮ ಮಕ್ಕಳಿಗೆ ವಿದ್ಯಾರ್ಥಿನಿಲಯಗಳನ್ನು ಕಟ್ಟಿದರು. ಮಿಶನಿನವರೂ ಬೋರ್ಡಿಂಗುಗಳನ್ನು ನಡಿಸಿದರು. ಪಂಚಮರೆಂದು ಆಗ ಕರೆಯಲ್ಪಟ್ಟವರ ಮಕ್ಕಳಿಗೋಸ್ಕರ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರವು ಮೈಸೂರಿನಲ್ಲಿ ವಸತಿಶಾಲೆಯನ್ನು ತೆರೆಯಿತು. ಅದರಲ್ಲಿ ದುಡಿದ ತಲಕಾಡು ರಂಗೇಗೌಡರೂ ಗೋಪಾಲಸ್ವಾಮಿ ಅಯ್ಯರವರೂ ಆ ಕೇರಿಯಲ್ಲಿ ಹುಟ್ಟಿದವರಲ್ಲವೆಂಬದು ಗಮನಿಸತಕ್ಕದ್ದು. ಮಲೆನಾಡಿನಿಂದ ಬಂದು ವೆಸ್ಲಿಯನ್ ಮಿಶನ್ ಹೈಸ್ಕೂಲಿನಲ್ಲಿಯೂ ಆಮೇಲೆ ಮಹಾರಾಜಾ ಕಾಲೇಜಿನಲ್ಲಿಯೂ ಓದಿದ ಕುವೆಂಪುರವರು ರಾಮಕೃಷ್ಣಾಶ್ರಮದಲ್ಲಿ ಹಲವು ವರುಷ ವಾಸಿಸಿದರು. ಅವರಿಗೆ ಆ ಶಾಲೆಯಾಗಲಿ ಆ ಸೂರಾಗಲಿ ಹುಟ್ಟಿನಿಂದ ಬಂದದ್ದಲ್ಲ.

ಹೀಗೆ, ಬಾಗಿಲು ಮುಚ್ಚಿದ್ದಾಗ 'ನಮ್ಮವರು' ಎಂಬ ಮಾತಿಗೆ ಅನ್ನವೆಂದೇ ಅರ್ಥವಾಗಿತ್ತು. ಈಗಲಾದರೋ 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಕಾಲೇಜಿನ ಹಾಸ್ಟೆಲುಗಳಿವೆ, ಸಮಾಜ ಕಲ್ಯಾಣ ಇಲಾಖೆಯ ನಿಲಯಗಳಿವೆ, ಹಣವುಳ್ಳವರಿಗೆ ಪಿ.ಜಿ. ಮನೆಗಳಿವೆ. ಹಾಸ್ಟೆಲಿನಲ್ಲಿ ಸ್ಥಳ ಸಿಕ್ಕದ ಹಿಂದುಳಿದ ವರ್ಗದವರಿಗೆ ತಿಂಗಳಿಗಿಷ್ಟೆಂದು ಹಣ ಕೊಡುವ ವಿದ್ಯಾಸಿರಿ ಎಂಬ ಏರ್ಪಾಡು 2013ರಲ್ಲಿ ಆರಂಭವಾಯಿತು. ಅಂದು ಹೊರಗೆ ನಿಂತವನು ಕೇಳಿದ ಪ್ರಶ್ನೆಯನ್ನೇ ಇಂದು ಒಳಗೆ ಕೂತವನು ಕೇಳುತ್ತಾನೆ. ಮಾತು ಅದೇ, ಅರ್ಥವು ತಿರುಗಿಬಿಟ್ಟಿದೆ.

ತಂದೆತಾಯಿಗಳಿಗೆ ಭಯವಿರುವದು ಸಹಜವೇ ಎಂದು ಕೆಲವರು ಹೇಳಾರು. ನಿಜ. ಕಿರಿಯರನ್ನು ಹಿರಿಯರು ಪೀಡಿಸುವ ರ‍್ಯಾಗಿಂಗಿನಿಂದ ಪ್ರಾಣ ಕಳಕೊಂಡವರೂ ಇದ್ದಾರೆ, 2009ರ ಯು.ಜಿ.ಸಿ. ನಿಯಮದಂತೆ ವಿದ್ಯಾರ್ಥಿಯೂ ಪೋಷಕನೂ ಮುಚ್ಚಳಿಕೆ ಬರಕೊಡಬೇಕಾಗಿದೆ. ಆದರೆ ಭಯಪಡುವವನು ವಾರ್ಡನರು ರಾತ್ರಿಯಲ್ಲಿ ಅಲ್ಲಿಯೇ ಇರುವರೋ, ಕಾಯಿಲೆ ಬಿದ್ದರೆ ಯಾರು ನೋಡುವರು, ನೀರು ಶುದ್ಧವೋ ಎಂದು ಕೇಳುವನು. ಹೇಸುವವನು ಜತೆಯ ಹುಡುಗನ ಹೆಸರನ್ನೂ ಅವನ ಕೇರಿಯನ್ನೂ ಕೇಳುವನು. ಎರಡಕ್ಕೂ ಭಯವೆಂದೇ ಹೆಸರಿಟ್ಟುಕೊಳ್ಳುವದು ನಮಗೆ ಅಭ್ಯಾಸವಾಗಿದೆ. ಅಂತಿಯೋಕ್ಯದಲ್ಲಿ ಪೇತ್ರನು ಊಟದ ಪಂಕ್ತಿಯಿಂದ ಹಿಂದೆಗೆದದ್ದೂ ಭಯದಿಂದಲೇ.

ಇದನ್ನು ಬರೆಯಲು ನಮಗೆ ಅಧಿಕಾರವಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಕೆಲವು ವರುಷಗಳ ಕೆಳಗೆ ನಮ್ಮ ಸಭೆಯ ಒಬ್ಬ ಹುಡುಗನನ್ನು ಹಾಸ್ಟೆಲಿಗೆ ಸೇರಿಸುವದಕ್ಕೆ ಅವನ ತಂದೆಯ ಸಂಗಡ ನಾವೂ ಹೋಗಿದ್ದೆವು. ಕೋಣೆಯಲ್ಲಿ ಮೊದಲೇ ಬಂದಿದ್ದ ಹುಡುಗನ ಊರನ್ನೂ ಕೇರಿಯನ್ನೂ ಆ ತಂದೆಯು ವಿಚಾರಿಸಿ ತಿಳಿದು ಮೌನವಾದನು. ಆಮೇಲೆ ನಮ್ಮನ್ನು ಹೊರಗೆ ಕರೆದು, "ಅಯ್ಯನವರೇ, ಬೇರೆ ಕೋಣೆಗೆ ನೀವೇ ಒಂದು ಮಾತು ಹೇಳಿರಿ" ಅಂದನು. ಅವನ ಅಜ್ಜನೂ ಅಂಥ ಕೇರಿಯಿಂದಲೇ ಬಂದವನೆಂದು ನಾವು ಬಲ್ಲೆವು. ಆದರೂ ಹೋಗಿ ಹೇಳಿದೆವು, ಕೋಣೆಯು ಬದಲಾಯಿತು. ಸಾಮಾನು ತರಲು ತಿರಿಗಿ ಒಳಗೆ ಹೋದಾಗ, ಆ ಹುಡುಗನು ತನ್ನ ಮಂಚವನ್ನು ಗೋಡೆಯ ಕಡೆಗೆ ಎಳಕೊಂಡು, ಕಿಟಕಿಯ ಬಳಿ ಗಾಳಿ ಬರುವ ಸ್ಥಳವನ್ನು ನಮ್ಮವನಿಗೋಸ್ಕರ ಗುಡಿಸಿ ಬಿಟ್ಟಿದ್ದನು.