ಪುಣ್ಯ ಯಾರ ಖಾತೆಗೆ?

ಮೊಬೈಲಿನಲ್ಲಿ ವಿಷ್ಣುಸಹಸ್ರನಾಮ ಹಾಕಿಟ್ಟು ಹುರುಳಿಕಾಯಿ ಹೆಚ್ಚುತ್ತ ಕೂತವರಿಗೆ ಪುಣ್ಯ ಬರುತ್ತದೆಯೇ, ಬಂದರೆ ಎಷ್ಟು ಎಂಬುದು ನಮ್ಮ ಮನೆಯಲ್ಲಿ ಆಗಾಗ ಏಳುವ ಪ್ರಶ್ನೆ. ಎಬ್ಬಿಸುವವನು ನನ್ನ ಮಗ, ಉತ್ತರ ಕೊಡುವವರು ಅತ್ತೆ. ಅವರ ಬಳಿ ಗಟ್ಟಿ ಆಧಾರವಿದೆ: ಸಹಸ್ರನಾಮದ ಫಲಶ್ರುತಿಯಲ್ಲಿ ಹೇಳುವವರಿಗೆ ಮಾತ್ರವಲ್ಲ, ಕೇಳುವವರಿಗೂ ಪಾಲಿದೆ. “ಭೀಷ್ಮ ಹೇಳಿದ, ಧರ್ಮರಾಯ ಕೇಳಿದ. ಧರ್ಮರಾಯ ಏನು ಬಾಯಿಪಾಠ ಒಪ್ಪಿಸಿದನೇನೋ?” ಎನ್ನುತ್ತಾರೆ.

ಅವನು ಸುಮ್ಮನಾಗುವ ಪೈಕಿ ಅಲ್ಲ. “ಅಜ್ಜಿ, ನೀವೆಲ್ಲಿ ಕೇಳ್ತಿದೀರ? ಫೋನು ಹೇಳ್ತಿದೆ, ಕುಕ್ಕರ್ ಕೇಳ್ತಿದೆ.”

ತಮಾಷೆಯೊಳಗೆ ಹಳೆಯ ಗಂಟೊಂದಿದೆ. ಒಬ್ಬರು ಮಾಡಬೇಕಾದ್ದನ್ನು ಇನ್ನೊಬ್ಬರು ಮಾಡಿದರೆ ಸಲ್ಲುತ್ತದೆಯೇ? ಫೋನು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಮೀಮಾಂಸಕರು ಇದಕ್ಕೆ ತಲೆ ಕೆಡಿಸಿಕೊಂಡಿದ್ದರು. ಯಾಗದಲ್ಲಿ ಮಂತ್ರ ಹೇಳುವವರು, ಆಹುತಿ ಹಾಕುವವರು ಋತ್ವಿಜರು. ಸ್ವರ್ಗ ಮಾತ್ರ ಯಜಮಾನನಿಗೆ. ಅದು ಹೇಗೆ? ದಕ್ಷಿಣೆ ಕೊಟ್ಟು ಅವರ ಕೆಲಸವನ್ನು ಅವನು ಕೊಂಡಿದ್ದಾನೆ, ಆದ್ದರಿಂದ ಫಲ ಅವನದು. ದೇವಸ್ಥಾನದಲ್ಲಿ ಅರ್ಚನೆ ಚೀಟಿ ತೆಗೆಸಿ, ಗೋತ್ರ ನಕ್ಷತ್ರ ಹೇಳಿ ನಾವು ಕೈಮುಗಿದು ನಿಲ್ಲುವುದೂ ಹೆಚ್ಚುಕಡಿಮೆ ಇದೇ ಲೆಕ್ಕದ ಮೇಲೆ. ಹಾಗೆ ನೋಡಿದರೆ ಫೋನೂ ಒಬ್ಬ ಋತ್ವಿಜ, ತಿಂಗಳ ರೀಚಾರ್ಜೇ ದಕ್ಷಿಣೆ. ಇನ್ನಷ್ಟು ದಕ್ಷಿಣೆ ಕೊಟ್ಟವರಿಗೆ ಜಾಹೀರಾತಿಲ್ಲ.

ನಾವು ಕೊಟ್ಟಿಲ್ಲ. ಹಾಗಾಗಿ ನಾಮಾವಳಿಯ ನಡುವೆ ಒಬ್ಬ ಟೈ ಕಟ್ಟಿಕೊಂಡವನು ಬಂದು, ಹತ್ತೇ ನಿಮಿಷದಲ್ಲಿ ಸಾಲ ಕೊಡುತ್ತೇನೆಂದು ಕೂಗುತ್ತಾನೆ. “ಬಂದ ನೋಡೇ ಪ್ರಾರಬ್ಧ, ತೆಗಿ ಅವನ್ನ!” ಎಂದು ಅತ್ತೆ ಒದ್ದೆ ಕೈ ಝಾಡಿಸುತ್ತಾರೆ. ಸ್ಕಿಪ್ ಒತ್ತುವ ಸೇವೆ ನನ್ನದು. ಅದಕ್ಕೆ ಯಾವ ಫಲಶ್ರುತಿಯಲ್ಲೂ ಪಾಲಿಲ್ಲ.

ಗುಡಿಗಳೂ ಈ ದಾರಿ ಹಿಡಿದಿವೆ. ನಮ್ಮ ಬಡಾವಣೆಯ ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ನಗಾರಿ, ಜಾಗಟೆ, ಗಂಟೆ ಮೂರನ್ನೂ ಮೋಟಾರು ಬಡಿಯುತ್ತದೆ. ಅರ್ಚಕರು ಸ್ವಿಚ್ ಹಾಕಿದ ಕೂಡಲೇ ಕಬ್ಬಿಣದ ಚೌಕಟ್ಟಿನಲ್ಲಿ ಕೋಲುಗಳು ತಾವೇ ಎದ್ದು ಬೀಳುತ್ತವೆ. ಮೊದಲೆಲ್ಲ ಗಂಟೆಯ ಹಗ್ಗಕ್ಕಾಗಿ ಜಗಳವಾಡುತ್ತಿದ್ದ ಮಕ್ಕಳು ಈಗ ಕಿವಿ ಮುಚ್ಚಿಕೊಂಡು ನಿಲ್ಲುತ್ತವೆ. ಕರೆಂಟು ಹೋದ ಸಂಜೆ ಮಾತ್ರ ಯಾರೋ ಹುಡುಗ ಓಡಿಹೋಗಿ ಜಾಗಟೆ ಹಿಡಿಯುತ್ತಾನೆ. ತಾಳ ತಪ್ಪುತ್ತದೆ, ಎಲ್ಲರೂ ಅವನ ಕಡೆ ತಿರುಗಿ ನಗುತ್ತಾರೆ.

ಯಂತ್ರವೆಂದರೆ ಭಕ್ತಿಗೆ ಕುತ್ತು ಎಂದೇನೂ ನಾನು ಹೇಳುತ್ತಿಲ್ಲ. ಬೈಲಕುಪ್ಪೆಯಲ್ಲಿ ಟಿಬೆಟಿನ ಅಜ್ಜಿಯರು ಮಂತ್ರದ ಸುರುಳಿ ತುಂಬಿದ ಚಕ್ರಗಳನ್ನು ತಿರುಗಿಸುತ್ತ ನಡೆಯುತ್ತಾರೆ. ಅವರ ಸಂಪ್ರದಾಯದಲ್ಲಿ ನೀರಿನಿಂದ, ಗಾಳಿಯಿಂದ ತಿರುಗುವ ಚಕ್ರಗಳೂ ಉಂಟು. ಆದರೆ ಅಲ್ಲಿ ಬಂದ ಪುಣ್ಯವನ್ನು ಸಕಲ ಜೀವಿಗಳಿಗೂ ಧಾರೆ ಎರೆಯುವ ಪದ್ಧತಿಯಿದೆ. ಖಾತೆಯನ್ನು ಹೀಗೆ ಊರಿಗೆಲ್ಲ ಬಿಟ್ಟುಕೊಟ್ಟವರಿಗೆ ಯಾರು ತಿರುಗಿಸಿದರೇನು? ತೊಡಕಿರುವುದು ಖಾತೆ ನನ್ನದು, ದುಡಿಮೆ ಮಾತ್ರ ಇನ್ನೊಬ್ಬರದು ಎನ್ನುವ ನಮ್ಮಂಥವರಿಗೆ.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಈ ಲೆಕ್ಕದ ಪುಸ್ತಕವನ್ನೇ ಹರಿದರು. ಅವರ ಒಂದು ವಚನದ ವಾದ ನೇರವಾದದ್ದು: ದಾಂಪತ್ಯದ ಸುಖ, ಹೊಟ್ಟೆಯ ಊಟ ಇವೆರಡನ್ನೂ ಯಾರೂ ಬೇರೆಯವರಿಗೆ ವಹಿಸುವುದಿಲ್ಲ, ಹಾಗಿದ್ದಮೇಲೆ ಲಿಂಗಕ್ಕೆ ಮಾಡಬೇಕಾದ ನೇಮವನ್ನು ಮಾತ್ರ ವಹಿಸುವುದೇಕೆ? ದಕ್ಷಿಣೆ ಎಷ್ಟು ಕೊಟ್ಟರೂ ಈ ಪ್ರಶ್ನೆ ಬಾಯಿ ಮುಚ್ಚುವುದಿಲ್ಲ.

ಆ ವಚನ ನನಗೆ ಸಿಕ್ಕಿದ್ದೂ ಫೋನಿನಲ್ಲೇ. ಫ.ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿ ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಆಮೇಲೆ ಸಮಗ್ರ ವಚನ 15 ಸಂಪುಟಗಳಲ್ಲಿ ಬಂತು. ಈಗ ಒಂದು ಪದ ಒತ್ತಿದರೆ ಅದಿರುವ ವಚನಗಳೆಲ್ಲ ಸಾಲಾಗಿ ನಿಲ್ಲುತ್ತವೆ. ನಾವು ಒಂದನ್ನು ಆರಿಸಿ, ಸೂರ್ಯೋದಯದ ಚಿತ್ರದ ಮೇಲೆ ಕೂರಿಸಿ, ಗುಂಪಿಗೆ ಕಳಿಸಿ, ಕಾಯಕ ಮುಗಿಯಿತೆಂದು ಕಾಫಿಗೆ ಏಳುತ್ತೇವೆ. ಓದುವ ಕೆಲಸ ಕಳಿಸಿಕೊಂಡವರದು. ಅವರು ಅದನ್ನು ಮುಂದಿನ ಗುಂಪಿಗೆ ವಹಿಸಿರುತ್ತಾರೆ.

ಮೊನ್ನೆ ಮಗ ಭೈರಪ್ಪನವರ ‘ಪರ್ವ’ ಮುಗಿಸಿದೆ ಅಂದ. ಆ ದಪ್ಪ ಪುಸ್ತಕ ಕಪಾಟಿನಲ್ಲೇ ಇತ್ತು. ವಿಚಾರಿಸಿದರೆ, ವಿಡಿಯೋದಲ್ಲಿ ಯಾರೋ ಕಥೆ ಹೇಳಿದ್ದರು, ಇವನು ಅದನ್ನೂ ವೇಗ ದುಪ್ಪಟ್ಟು ಮಾಡಿ ಕೇಳಿದ್ದ. ಯುದ್ಧ, ಯಾರು ಸತ್ತರು, ಎಲ್ಲ ಸರಿಯಾಗಿಯೇ ಹೇಳಿದ. ಕಾದಂಬರಿ ಮುದುಕ ಶಲ್ಯನ ಮನೆಯಲ್ಲಿ, ಮೊಮ್ಮಗಳ ಮದುವೆಯ ಚಿಂತೆಯಲ್ಲಿ ನಿಧಾನವಾಗಿ ಶುರುವಾಗುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಅತ್ತೆ ಇಂಥ ಅವಕಾಶ ಬಿಡುವವರಲ್ಲ: “ಓದಿದ್ದು ಅವನ್ಯಾರೋ, ಕೇಳಿದ್ದು ಫೋನು. ನೀನೇನೋ ಮಾಡ್ದೆ?”

ಅತ್ತೆಗೆ ಹೀಗೆ ಕೇಳುವ ಹಕ್ಕಿದೆ. ಅವರ ತವರಿನಲ್ಲಿ ಗಂಡುಮಕ್ಕಳಿಗೆ ಮೇಷ್ಟ್ರು ಬಂದು ಸ್ತೋತ್ರಪಾಠ ಹೇಳುತ್ತಿದ್ದರಂತೆ. ಇವರದು ಅಡುಗೆಮನೆಯ ಬಾಗಿಲ ಮರೆ. ಮದುವೆಯಾಗಿ ಬಂದಮೇಲೆ ಟೇಪ್‌ರೆಕಾರ್ಡರೇ ಇವರಿಗೆ ಗುರು, ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿಯೇ ಪಾಠ. ನಾಲಿಗೆ ತೊಡರಿದ ಕಡೆ ರಿವೈಂಡ್ ಒತ್ತಿ ಮತ್ತೆ ಮತ್ತೆ ಕೇಳಿದ್ದಾರೆ. ಈಚೆ ಬಂದ ರೀಲನ್ನು ಪೆನ್ಸಿಲ್ ತೂರಿಸಿ ಸುತ್ತಿದ್ದಾರೆ. ಇವತ್ತು ಹುರುಳಿಕಾಯಿಯ ನಾರು ತೆಗೆಯುವಾಗಲೂ ತುಟಿ ಅಲ್ಲಾಡುತ್ತಿರುತ್ತದೆ. ವಿಡಿಯೋದ ಗಾಯಕ ಅವಸರಕ್ಕೆ ಒಂದು ಅಕ್ಷರ ನುಂಗಿದರೆ ಸಾಕು, “ತಿಂದ!” ಎಂದು ಸಿಡುಕುತ್ತಾರೆ. ಆ ಸಿಡುಕೇ ಮಗನ ಕುಕ್ಕರ್ ವಾದಕ್ಕೆ ಉತ್ತರ. ಕೇಳದವರಿಗೆ ಅಕ್ಷರ ಬಿದ್ದದ್ದು ಹೇಗೆ ಗೊತ್ತಾಗಬೇಕು?

ನನಗೆ ಕಂಡಷ್ಟು ಇದು. ಯಂತ್ರ ಗುರುವಾಗಬಹುದು, ಬಾಗಿಲ ಮರೆಯಲ್ಲಿ ನಿಂತವರನ್ನು ಒಳಗೆ ಕರೆಯುವುದರಲ್ಲಿ ಅದು ಎಷ್ಟೋ ಮೇಷ್ಟ್ರುಗಳಿಗಿಂತ ಉದಾರಿ. ಆದರೆ ನನ್ನ ಬದಲಿಗೆ ಕೂರಲಾರದು. ಕರೆಂಟ್ ಬಿಲ್ಲು ಕಟ್ಟುವುದು, ರೈಲಿನ ಟಿಕೆಟ್ ತೆಗೆಯುವುದು ಯಾರು ಮಾಡಿದರೂ ಆದಂತೆಯೇ, ಏಕೆಂದರೆ ಬೇಕಾದದ್ದು ರಸೀದಿ. ಓದು, ಜಪ, ದುಃಖ, ಕ್ಷಮೆ ಇವುಗಳಿಗೆ ರಸೀದಿಯಿಲ್ಲ. ಮಾಡಿದವರು ಒಂದಿಷ್ಟು ಬೇರೆಯಾಗುವುದೇ ಇವುಗಳ ಫಲ. ಈ ಫಲವನ್ನು ಫೋನಿಗೆ ವಹಿಸಿದರೆ ನಷ್ಟ ದೇವರಿಗಲ್ಲ. ಅವನಿಗೆ ಸಾವಿರ ಹೆಸರು ಮೊದಲೇ ಗೊತ್ತು.