ಅಳತೆಯೂ ಕನಿಕರವೂ

ಮನೆಗಂದಾಯದ ಮಾತು ಬಂದರೆ ಯಾರ ಮುಖವೂ ಅರಳುವುದಿಲ್ಲ. ಆದಾಯದ ಮೇಲಿನ ತೆರಿಗೆ ದುಡ್ಡು ಬಂದ ಮೇಲೆ ಕೇಳುತ್ತದೆ. ಅಂಗಡಿಯಲ್ಲಿ ಕೊಡುವ ತೆರಿಗೆ ಸಾಮಾನಿನ ಬೆಲೆಯೊಳಗೆ ಅಡಗಿ ಕಣ್ಣಿಗೆ ಬೀಳದೆ ಹೋಗುತ್ತದೆ. ಮನೆಗಂದಾಯ ಹಾಗಲ್ಲ. ಆ ವರ್ಷ ಸಂಪಾದನೆ ಇರಲಿ, ಇಲ್ಲದಿರಲಿ, ಗೋಡೆಗಳು ನಿಂತಿರುವಷ್ಟು ಕಾಲ ಅದು ಬಾಗಿಲಿಗೆ ಬರುತ್ತದೆ. ತನ್ನ ಮನೆಯಲ್ಲಿ ತಾನಿರುವುದಕ್ಕೆ ಯಾರಿಗೋ ಬಾಡಿಗೆ ಕೊಟ್ಟಂತೆ ಗೃಹಸ್ಥನಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಇಂಥ ತೆರಿಗೆಯನ್ನು ಗೊತ್ತುಮಾಡುವ ಕೆಲಸದಲ್ಲಿ ಧರ್ಮಸೂಕ್ಷ್ಮವೇನು ಬಂತು, ಟೇಪು ಹಿಡಿದು ಅಳೆದು ದರದಿಂದ ಗುಣಿಸಿದರೆ ಮುಗಿಯಿತಲ್ಲ ಎಂದು ಓದುಗರು ಕೇಳಬಹುದು. ಕೆಲವು ವರ್ಷಗಳ ಕಾಲ ಒಂದು ನಗರಸಭೆಯಲ್ಲಿ ಈ ಕೆಲಸದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಆಗ ನನ್ನನ್ನು ಹೆಚ್ಚಾಗಿ ಕಾಡಿದ ಪ್ರಶ್ನೆ ಒಂದು: ಅಳೆಯುವವನಿಗೆ ಕನಿಕರ ತೋರುವ ಹಕ್ಕು ಇದೆಯೆ?

ಮೇಲ್ವಿಚಾರಕನೆಂದರೆ ಮನೆಗಳನ್ನು ತಾನೇ ಅಳೆಯುವವನಲ್ಲ. ಅಳೆಯುವವರು ರೆವಿನ್ಯೂ ಇನ್ಸ್‌ಪೆಕ್ಟರುಗಳು. ಬಿಲ್ಲು ಹಂಚಿ ಹಣ ತರುವವರು ಬಿಲ್ ಕಲೆಕ್ಟರುಗಳು. ಅವರು ಬರೆದು ತಂದ ರಿಜಿಸ್ಟರನ್ನು ಇವನು ನೋಡುತ್ತಾನೆ, ಕೆಲವು ಮನೆಗಳನ್ನು ಆರಿಸಿ ಮತ್ತೆ ಅಳೆಸುತ್ತಾನೆ, ತಕರಾರು ಅರ್ಜಿಗಳನ್ನು ಕೇಳುತ್ತಾನೆ, ಕೊನೆಗೆ ರುಜು ಹಾಕುತ್ತಾನೆ. ತಾನು ಕಂಡೇ ಇಲ್ಲದ ಸಾವಿರಾರು ಮನೆಗಳಿಗೆ ಅವನ ರುಜುವೇ ಪ್ರಮಾಣ. ನನ್ನ ಕಾಲದಲ್ಲಿ ತೆರಿಗೆಗೆ ಆಧಾರವಾಗಿದ್ದುದು ವಾರ್ಷಿಕ ಬಾಡಿಗೆ ಮೌಲ್ಯ. ಅಂದರೆ ಆ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ನ್ಯಾಯವಾಗಿ ಎಷ್ಟು ಬರಬಹುದು ಎಂಬ ಅಂದಾಜು. ಬರುತ್ತಿರುವುದಲ್ಲ, ಬರಬಹುದಾದದ್ದು. ಈ ‘ಬಹುದು’ ಎಂಬ ಪುಟ್ಟ ಮಾತಿನೊಳಗೆ ಒಬ್ಬ ಇನ್ಸ್‌ಪೆಕ್ಟರನ ಇಡೀ ಸ್ವಭಾವ ಹೊಕ್ಕು ಕೂರುವಷ್ಟು ಜಾಗವಿತ್ತು. ಹೆಂಚೋ ತಾರಸಿಯೋ, ಮುಖ್ಯ ರಸ್ತೆಯೋ ಸಂದಿಯೋ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಆದರೆ ‘ಬಹಳ ಹಳೆಯದು’, ‘ಗಾಳಿ ಬೆಳಕು ಸಾಲದು’ ಎಂದು ಬರೆಯುವ ಕೈ ಮನುಷ್ಯನದು.

ನನ್ನ ಕೈಕೆಳಗೆ ಒಬ್ಬ ಇನ್ಸ್‌ಪೆಕ್ಟರು ಇದ್ದರು. ಅಳೆಯಲು ಹೋದ ಮನೆಯಲ್ಲಿ ಒಂದು ಲೋಟ ಕಾಫಿಯನ್ನೂ ಮುಟ್ಟದ ಮನುಷ್ಯ. ಅವರ ವಾರ್ಡಿನ ಕೆಲವು ಮನೆಗಳನ್ನು ಮತ್ತೆ ಅಳೆಸಿದಾಗ ಒಂದು ಕಡೆ ಲೆಕ್ಕ ಹೊಂದಲಿಲ್ಲ. ಎರಡು ಕೋಣೆ ತಾರಸಿಯವು; ರಿಜಿಸ್ಟರಿನಲ್ಲಿ ತಗಡಿನ ಸೂರು ಎಂದಿತ್ತು. ಕರೆದು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ.

“ಗಂಡ ತೀರಿಕೊಂಡಿದ್ದಾರೆ ಸಾರ್. ಆಯಮ್ಮ ಹಪ್ಪಳ ಸಂಡಿಗೆ ಮಾರಿ ಎರಡು ಮಕ್ಕಳನ್ನು ಓದಿಸುತ್ತಿದ್ದಾರೆ. ಅವರಿದ್ದಾಗ ಕಟ್ಟಿಸಿದ ಮನೆ. ಗೋಡೆ ಉಳಿದಿದೆ, ಸಂಪಾದನೆ ಉಳಿದಿಲ್ಲ. ನಾಲ್ಕು ಕಾಸು ಕಡಿಮೆ ಬಂದರೆ ನಗರಸಭೆ ಮುಳುಗಿಹೋಗುತ್ತದೆಯೆ?” ಎಂದರು.

ನಗರಸಭೆ ಮುಳುಗುತ್ತಿರಲಿಲ್ಲ. ಆದರೆ ಅದೇ ವಾರ ಇನ್ನೊಂದು ವಾರ್ಡಿನಲ್ಲಿ ಜವಳಿ ವ್ಯಾಪಾರಿಯೊಬ್ಬರ ಮಹಡಿಗೂ ತಗಡಿನ ಸೂರು ಬಂದಿತ್ತು. ಅಲ್ಲಿ ಕೆಲಸ ಮಾಡಿದ್ದು ಕನಿಕರವಲ್ಲವೆಂದು ಬೀದಿಗೆಲ್ಲ ಗೊತ್ತು. ಎರಡು ರಿಜಿಸ್ಟರುಗಳನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದೆ. ಅದೇ ಮಾತು, ಅದೇ ಮಸಿ. ಕನಿಕರ ಬರೆಸಿದ ಸುಳ್ಳಿಗೂ ಲಂಚ ಬರೆಸಿದ ಸುಳ್ಳಿಗೂ ಕಾಗದದ ಮೇಲೆ ಯಾವ ಭೇದವೂ ಇಲ್ಲ. ಮೊದಲನೆಯದನ್ನು ನೋಡಿಯೂ ನೋಡದಂತೆ ಬಿಟ್ಟವನು ಎರಡನೆಯದನ್ನು ಯಾವ ಬಾಯಿಂದ ತಡೆಯಬೇಕು? ಅವರ ಮನಸ್ಸು ಒಳ್ಳೆಯದು, ಇವರದು ಕೆಟ್ಟದ್ದು ಎಂದೆ? ಮನಸ್ಸನ್ನು ಅಳೆಯುವ ಟೇಪು ಯಾವ ಕಚೇರಿಯಲ್ಲೂ ಇಲ್ಲ. ಎರಡನ್ನೂ ತಿದ್ದಿಸಿದೆ.

ಇದು ಆಡಳಿತದ ಸಮಾಧಾನವಾಯಿತೇ ಹೊರತು ನೀತಿಯ ಪ್ರಶ್ನೆಗೆ ಉತ್ತರವಾಗಲಿಲ್ಲ. ಲಂಚವೇ ಇಲ್ಲದ ಊರಿನಲ್ಲಿ, ಎಲ್ಲ ಇನ್ಸ್‌ಪೆಕ್ಟರುಗಳೂ ಆ ಸಜ್ಜನರಂತೆಯೇ ಇರುವ ಕಡೆ, ಅಳತೆಯಲ್ಲಿ ಕನಿಕರ ತೋರಬಹುದೆ? ಇಲ್ಲಿ ಇನ್ನೊಂದು ಮಾತನ್ನು ಯೋಚಿಸಬೇಕು. ದಾನವೆಂದರೆ ತನ್ನದನ್ನು ಕೊಡುವುದು. ಇನ್ಸ್‌ಪೆಕ್ಟರು ಕೊಟ್ಟದ್ದು ಯಾರದನ್ನು?

ಊರಿಗೆ ಬೇಕಾದ ಮೊತ್ತವನ್ನು ಮೊದಲು ನಿಶ್ಚಯಿಸಿ, ಅದನ್ನು ಮನೆಗಳ ಬೆಲೆಗೆ ತಕ್ಕಂತೆ ಹಂಚುವ ಪದ್ಧತಿ ಕೆಲವು ದೇಶಗಳಲ್ಲಿದೆ. ಅಲ್ಲಿ ಒಬ್ಬನ ಪಾಲು ತಗ್ಗಿದರೆ ಉಳಿದವರ ಪಾಲು ಕೂಡಲೇ ಏರುತ್ತದೆ. ಕೊಟ್ಟವರು ಯಾರೆಂದು ತಿಳಿಯುತ್ತದೆ. ನಮ್ಮಲ್ಲಿ ದರ ಮೊದಲೇ ಗೊತ್ತಾಗಿರುತ್ತದೆ. ಒಂದು ಮನೆಯ ಬಿಲ್ಲು ಇಳಿದರೆ ಪಕ್ಕದ ಮನೆಯದು ಏರುವುದಿಲ್ಲ. ಆದ್ದರಿಂದ ಯಾರಿಗೂ ನಷ್ಟವಾಗಲಿಲ್ಲವೆಂಬ ಭ್ರಮೆ ನಮ್ಮಲ್ಲಿ ಸುಲಭ. ಆದರೆ ಬೊಕ್ಕಸಕ್ಕೆ ಬಾರದ ಹಣ ಎಲ್ಲಿಯಾದರೂ ಒಂದು ಕಡೆ ಇಲ್ಲದಂತಾಗಲೇಬೇಕು. ಬೀದಿ ದೀಪದಲ್ಲಿ, ಚರಂಡಿಯಲ್ಲಿ, ಪೌರಕಾರ್ಮಿಕರ ಸಂಬಳದಲ್ಲಿ, ಬೀದಿ ನಲ್ಲಿಯಲ್ಲಿ ಅದು ಇಲ್ಲದಂತಾಗುತ್ತದೆ. ನಲ್ಲಿ ನಿಂತರೆ ಅನುಕೂಲಸ್ಥರು ಕೊಳವೆ ಬಾವಿ ತೋಡಿಸಿಯಾರು, ಟ್ಯಾಂಕರು ತರಿಸಿಯಾರು. ಬೀದಿ ನಲ್ಲಿಯನ್ನೇ ನಂಬಿದವರು ಬೇರೆ; ಅವರಿಗೆ ಸ್ವಂತ ಮನೆಯಿಲ್ಲ, ಕಂದಾಯದ ರಿಜಿಸ್ಟರಿನಲ್ಲಿ ಹೆಸರೂ ಇಲ್ಲ. ತಾರಸಿಯನ್ನು ತಗಡೆಂದು ಬರೆದುದರ ಭಾರ ಕೊನೆಗೆ ಬೀಳುವುದು ನಿಜವಾದ ತಗಡಿನ ಕೆಳಗೆ ಮಲಗುವವರ ಮೇಲೆ.

ಎದುರಿಗೆ ಬಂದು ನಿಂತವರಿಗೆ ಮುಖವಿದೆ, ಕಣ್ಣೀರಿದೆ, ಕೈಯಲ್ಲಿ ಅರ್ಜಿಯಿದೆ. ನಷ್ಟ ಹೊರುವವರಿಗೆ ಇದೊಂದೂ ಇಲ್ಲ. ತಮಗೆ ನಷ್ಟವಾಯಿತೆಂಬುದೇ ಅವರಿಗೆ ತಿಳಿಯದು. ಅವರ ಪರವಾಗಿ ಆ ಕಚೇರಿಯಲ್ಲಿ ಮಾತನಾಡಬೇಕಾದವನು ಮೇಲ್ವಿಚಾರಕ. ಮನೆಯ ಮುಂದೆ ನಿಂತ ಇನ್ಸ್‌ಪೆಕ್ಟರಿಗೆ ಕನಿಕರ ಸುಲಭವಾಗಿ ಬರುತ್ತದೆ. ಕಾಣದವರನ್ನು ನೆನೆಯುವುದಕ್ಕಾಗಿಯೇ ಸ್ವಲ್ಪ ದೂರದಲ್ಲಿ ಇನ್ನೊಬ್ಬನನ್ನು ಕೂರಿಸಿರುತ್ತಾರೆ ಎಂದು ನಾನು ತಿಳಿದಿದ್ದೇನೆ.

ಆ ವರ್ಷದ ಹೆಚ್ಚುವರಿ ಹಣವನ್ನು ಇನ್ಸ್‌ಪೆಕ್ಟರು ತಮ್ಮ ಸಂಬಳದಿಂದ ಕಟ್ಟಿದರೆಂದು ಮುಂದೆ ಬಿಲ್ ಕಲೆಕ್ಟರು ಹೇಳಿದ. ಅದು ದಾನ. ಅದರ ಮುಂದೆ ನನ್ನ ವಾದವೆಲ್ಲ ತುಸು ಒಣಗಿದಂತೆ ಕಂಡದ್ದೂ ನಿಜ.

ಏಕೆಂದರೆ ಅಳತೆ ನಿಷ್ಠುರವಾಗಿದ್ದ ಮಾತ್ರಕ್ಕೆ ನ್ಯಾಯವಾಗಿಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ 1696ರಲ್ಲಿ ಕಿಟಕಿಗಳ ಮೇಲೆ ತೆರಿಗೆ ಬಂತು. ಬೀದಿಯಲ್ಲಿ ನಿಂತು ಕಿಟಕಿ ಎಣಿಸಿದರೆ ಸಾಕು; ದಾಕ್ಷಿಣ್ಯಕ್ಕೆ ಎಡೆ ಕಡಿಮೆ. ಆದರೆ ಹಳ್ಳಿಗಾಡಿನ ಊರಿನ ಅಗ್ಗದ ಮನೆಗೆ ಲಂಡನ್ನಿನ ಭಾರಿ ಬಾಡಿಗೆಯ ಮನೆಗಿಂತ ಹೆಚ್ಚು ಕಿಟಕಿಗಳಿರಬಹುದು, ಆಗ ಬಡವನೇ ಹೆಚ್ಚು ತೆರಬೇಕಾಗುತ್ತದೆ ಎಂದು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ತೋರಿಸಿಕೊಟ್ಟ. ಜನ ಕಿಟಕಿಗಳಿಗೆ ಇಟ್ಟಿಗೆ ತುಂಬಿ ಕತ್ತಲೆಯಲ್ಲಿ ಬಾಳಿದರು. 1851ರಲ್ಲಿ ಆ ತೆರಿಗೆ ಹೋಯಿತು. ಎಣಿಕೆಯಲ್ಲಿ ತಪ್ಪಿರಲಿಲ್ಲ; ಎಣಿಸಿದ್ದೇ ತಪ್ಪು ವಸ್ತುವನ್ನು. ಆದ್ದರಿಂದ ಕನಿಕರಕ್ಕೆ ಎಲ್ಲಿಯಾದರೂ ಒಂದು ಸ್ಥಾನ ಇರಲೇಬೇಕು. ಅದು ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಇದಕ್ಕೆ ಒಂದು ಹಳೆಯ ಸೂಚನೆ ನಮ್ಮ ನೆಲದಲ್ಲೇ ಸಿಕ್ಕಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕಂಡು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಊರೂರಿನ ಲೆಕ್ಕ ಇಡುವ ಗೋಪನೆಂಬ ಅಧಿಕಾರಿಯುಂಟು. ಲೆಕ್ಕವನ್ನು ಪರೀಕ್ಷಿಸಲು ಗೃಹಸ್ಥರ ವೇಷದ ಗೂಢಚಾರರೂ ಉಂಟು. ಗೂಢಚಾರರು ನನಗೆ ರುಚಿಸುವುದಿಲ್ಲ. ಆದರೆ ಅವರು ಮನೆಗಳ ವಿಷಯದಲ್ಲಿ ತಿಳಿಯಬೇಕಾದದ್ದು ಎರಡು: ಸಲ್ಲುವ ತೆರಿಗೆ ಎಷ್ಟು, ಕೊಟ್ಟ ವಿನಾಯಿತಿ ಎಷ್ಟು. ವಿನಾಯಿತಿಯೂ ಲೆಕ್ಕದಲ್ಲಿ ಒಂದು ಬಾಬು. ಅದನ್ನು ಅಳತೆಯೊಳಗೆ ಕರಗಿಸಿ ಮರೆಮಾಡುವಂತಿಲ್ಲ. ಮನೆ ತಾರಸಿಯದಾದರೆ ತಾರಸಿಯೆಂದೇ ಬರೆ. ಕಡಿಮೆ ಮಾಡಬೇಕಾದರೆ ಕಡಿಮೆ ಮಾಡಿದ್ದೇನೆಂದು, ಇಂಥ ಕಾರಣಕ್ಕೆಂದು, ಪಕ್ಕದಲ್ಲಿ ಬರೆ.

ಹೀಗೆ ಬರೆದ ಕನಿಕರಕ್ಕೂ ಕದ್ದು ತೋರಿದ ಕನಿಕರಕ್ಕೂ ಬಹಳ ಅಂತರವಿದೆ. ಕದ್ದು ತೋರಿದ್ದರಿಂದ ಆ ತಾಯಿ ಇನ್ಸ್‌ಪೆಕ್ಟರ ಋಣಕ್ಕೆ ಬೀಳುತ್ತಾಳೆ. ಅವರಿಗೆ ವರ್ಗವಾದರೆ ಬರುವವನು ಹೇಗೋ ಎಂಬ ಅಂಜಿಕೆಯಲ್ಲಿ ಇರುತ್ತಾಳೆ. ನಿಯಮದಲ್ಲಿ ಬರೆದದ್ದಾದರೆ ಯಾರ ಮುಂದೆಯೂ ಕೈ ಮುಗಿಯದೆ ಅದು ತನ್ನದೆಂದು ಪಡೆಯುತ್ತಾಳೆ; ಆಗ ಕೊಟ್ಟದ್ದು ಇಡೀ ಊರು. ನನ್ನ ಕಾಲದ ಕಾಯಿದೆಯಲ್ಲಿ ದೇವಸ್ಥಾನ ಮಸೀದಿ ಇಗರ್ಜಿಗಳಿಗೆ ವಿನಾಯಿತಿ ಇತ್ತು. ದುಡಿಯುವ ಕೈ ನಿಂತುಹೋದ ಮನೆಗೆ ಅನ್ವಯಿಸುವ ಕಲಮು ನನಗೆ ಸಿಗಲಿಲ್ಲ. ಅಂಥದೊಂದು ಬೇಕೆಂದು ಮೇಲಕ್ಕೆ ಬರೆದೆ. ಉತ್ತರ ಬರಲಿಲ್ಲ. ಬಿಲ್ಲಿನ ಮೇಲೆ ಮಾತ್ರ ನನ್ನ ರುಜು ಇತ್ತು.

ನಿಯಮದ ಕನಿಕರಕ್ಕೂ ಕಣ್ಣು ಮಂಜಾಗುವುದುಂಟು. ಬೆಂಗಳೂರಿನ ಪಾಲಿಕೆ 2008ರಲ್ಲಿ ವಲಯವಾರು ದರ ತಂದಾಗ, ಮೊದಲ ವಲಯದ ಆರ್‌ಸಿಸಿ ಮನೆಗೆ ಚದರ ಅಡಿಗೆ ತಿಂಗಳಿಗೆ ಬಾಡಿಗೆಯದಾದರೆ 5 ರೂಪಾಯಿ, ಮಾಲೀಕರೇ ಇದ್ದರೆ 2 ರೂಪಾಯಿ 50 ಪೈಸೆ ಎಂದು ಮೌಲ್ಯ ಕಟ್ಟಿತು. ಸ್ವಂತ ವಾಸಕ್ಕೆ ಅರ್ಧ: ಒಳ್ಳೆಯ ಉದ್ದೇಶ. ಆದರೆ ಬಂಗಲೆಯಲ್ಲಿ ತಾನೇ ಇರುವ ಶ್ರೀಮಂತನಿಗೆ ಅರ್ಧ ದರ. ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು ಗಂಜಿ ಕಾಣುವ ಹೆಂಗಸಿಗೆ ಆ ಕೋಣೆಯ ಮಟ್ಟಿಗೆ ಪೂರ್ಣ ದರ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1978ರಲ್ಲಿ ಜನರೇ ಮತ ಹಾಕಿ, ಮನೆ ಕೈ ಬದಲಾಗುವವರೆಗೆ ಅದರ ಮೌಲ್ಯ ವರ್ಷಕ್ಕೆ ನೂರಕ್ಕೆ 2ಕ್ಕಿಂತ ಹೆಚ್ಚು ಏರಬಾರದೆಂದು ಕಟ್ಟುಮಾಡಿದರು. ಹಳಬರ ಮನೆ ಉಳಿಯಿತು. ಹೊಸದಾಗಿ ಕೊಂಡವರು ಅಂಥದೇ ಮನೆಗೆ ಹಲವು ಪಟ್ಟು ತೆರಬೇಕಾಯಿತು. 1992ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಕಾನೂನಿಗೆ ಸರಿ ಹೋದರೂ, ಕನಿಕರವನ್ನು ಅಳತೆಗೋಲಿನೊಳಗೇ ಸೇರಿಸಿದ್ದರಿಂದ ಕೋಲು ಏನನ್ನು ಅಳೆಯುತ್ತಿದೆಯೆಂಬುದೇ ಮರೆತುಹೋದಂತೆ ನನಗೆ ಕಾಣುತ್ತದೆ. ಆದರೂ ಇವೆಲ್ಲ ಬಯಲಲ್ಲಿ ನಿಂತ ತಪ್ಪುಗಳು. ಬಯಲಲ್ಲಿರುವುದನ್ನು ಜನ ಬೈಯಬಹುದು, ತಿದ್ದಬಹುದು. ರಿಜಿಸ್ಟರಿನ ತಗಡಿನ ಸೂರನ್ನು ಯಾರು ತಿದ್ದಿಯಾರು?

ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂ ಘೋಷಣೆಯ ಪದ್ಧತಿ ಬಂತು. ಮುಂದೆ ರಾಜ್ಯದ ಇತರ ಊರುಗಳಿಗೂ ಹಬ್ಬಿತು. ಈಗ ಗೃಹಸ್ಥನೇ ತನ್ನ ಮನೆಯನ್ನು ಅಳೆದು, ತಾನೇ ಲೆಕ್ಕ ಹಾಕಿ, ತಾನೇ ರುಜು ಮಾಡುತ್ತಾನೆ. ಇನ್ಸ್‌ಪೆಕ್ಟರೂ ಮೇಲ್ವಿಚಾರಕನೂ ಅವನೊಳಗೇ ಬಂದು ಕೂತಿದ್ದಾರೆ. ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟು ‘ಸ್ವಂತ ವಾಸ’ ಎಂದು ಬರೆಯುವಾಗ ಅವನಿಗೆ ಕನಿಕರ ಹುಟ್ಟುವುದು ಅತ್ಯಂತ ಹತ್ತಿರದವನ ಮೇಲೆ, ಅಂದರೆ ತನ್ನ ಮೇಲೆಯೇ. ಕಾಣದವರ ಪರವಾಗಿ ಆಗ ಮಾತನಾಡುವವರು ಯಾರು? ಫಾರಂ ತುಂಬಲು ಕೂತಾಗ, ಬೀದಿ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವವರನ್ನು ಒಂದು ಗಳಿಗೆ ನೆನೆದರೆ ಸಾಕು. ಅಂಕೆಗಳು ತಾವಾಗಿ ನೆಟ್ಟಗಾದಾವು.